ದ್ವೀಪಕ್ಕೆ ಹೊರಟಿದ್ದ ಟ್ರಂಕು

ಹಂಗಳದ ನಮ್ಮ ಮನೆಯಲ್ಲಿ ಆ ಟ್ರಂಕು ತಿಂಗಳುಗಟ್ಟಲೆ ಬಾಗಿಲ ಪಕ್ಕದಲ್ಲೇ ಕೂತಿತ್ತು. ಒಳಗೆ ನನ್ನ ನೂಲಿನ ಸೀರೆಗಳು, ಮಗಳ ಬಟ್ಟೆ, ಹುರುಳಿಕಾಳು, ಗಂಟು ಕಟ್ಟಿದ ರಾಗಿಹಿಟ್ಟು. ಹಿಟ್ಟಿಗೆ ಹುಳ ಬಿತ್ತೆಂದು ಅತ್ತೆ ಒಂದು ಸಲ ತೆಗೆಸಿ ಹೊಸದು ಹಾಕಿಸಿದ್ದರು. ಅಷ್ಟಾದರೂ ಹೊರಡುವ ದಿನ ಮಾತ್ರ ಬಂದಿರಲಿಲ್ಲ.

ನನ್ನ ಗಂಡ ಕೇಂದ್ರ ಸರ್ಕಾರದ ನೌಕರಿಯ ಮೇಲೆ ಲಕ್ಷದ್ವೀಪದ ಒಂದು ಪುಟ್ಟ ದ್ವೀಪದಲ್ಲಿದ್ದರು. ತೊಂಬತ್ತರ ದಶಕದ ನಡುವಿನ ಮಾತು. ಕಡಲತೀರಗಳನ್ನೂ ದ್ವೀಪಗಳನ್ನೂ ಹಾಳುಗೆಡವದೆ, ಮುಂದಿನವರಿಗೂ ಉಳಿಯುವಂತೆ ಬಳಸುವುದು ಹೇಗೆ ಎಂದು ದೆಹಲಿಯಲ್ಲಿ ಯೋಜನೆ ಹಾಕುತ್ತಿದ್ದರಂತೆ. ಅದಕ್ಕಾಗಿ ದ್ವೀಪದ ಬಾವಿಗಳ ನೀರು ಅಳೆಯುವುದು, ಉಪ್ಪು ಎಷ್ಟು ಏರಿದೆ ನೋಡುವುದು, ಅಲ್ಲಿ ಎಷ್ಟು ಜನ ಬದುಕಬಹುದೆಂದು ತಿಳಿಸುವುದು ಇವರ ಕೆಲಸ. ಸಮುದ್ರವನ್ನೇ ಕಾಣದ ನಮ್ಮೂರಿನವರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿತ್ತು. "ಸುತ್ತಾ ನೀರೇ ಇರೋ ಕಡೆ ನೀರಳೆಯಕ್ಕೂ ಸಂಬಳವಾ?" ಎಂದು ನಗುತ್ತಿದ್ದರು. ಕೆಲವರು ನಗುತ್ತಿರಲಿಲ್ಲ. ಅಲ್ಲೂ ಒಂದು ಸಂಸಾರ ಇದ್ದೀತು ಎನ್ನುವಂತೆ ನನ್ನ ಮುಖ ನೋಡುತ್ತಿದ್ದರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಹೊರಗಿನವರು ಆ ದ್ವೀಪಕ್ಕೆ ಕಾಲಿಡಬೇಕಾದರೆ ಪರ್ಮಿಟ್ ಬೇಕು. ಅದಕ್ಕೆಂದು ಚಾಮರಾಜನಗರದ ಸ್ಟುಡಿಯೋದಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಫೋಟೊ ತೆಗೆಸಿ ಕಳಿಸಿದ್ದೆ. ಅವಳಿಗೆ ಆಗಷ್ಟೇ ಮಾತು ಬರುತ್ತಿತ್ತು. ಗೋಡೆಯ ಮದುವೆ ಫೋಟೊ ತೋರಿಸಿದರೆ "ಅಪ್ಪ" ಎನ್ನುತ್ತಿದ್ದಳು. ಅದೇ ಅಪ್ಪ ರಜೆಗೆ ಬಂದು ಬಾಗಿಲಲ್ಲಿ ನಿಂತರೆ ಕಿರುಚಿಕೊಂಡು ಅಜ್ಜಿಯ ಸೆರಗು ಸೇರುತ್ತಿದ್ದಳು. ಅಳು ನಿಂತ ಮೇಲೆ "ಮಾಮ" ಎಂದು ಕರೆಯುತ್ತಿದ್ದಳು. ನೆಂಟರಿಗೆ ಅದು ತಮಾಷೆ, ನನಗೆ ಹೊಟ್ಟೆಯುರಿ. ಮಗು ಹೀಗೇ ಬೆಳೆಯುವ ಮೊದಲು ಅಲ್ಲಿಗೆ ಹೋಗಿ ಒಲೆ ಹೂಡಬೇಕು, ಮೂವರೂ ಒಂದೇ ಸೂರಿನಡಿ ಇರಬೇಕು, ಅದೊಂದೇ ನನ್ನ ಹಟವಾಗಿತ್ತು.

ಆ ಬೇಸಿಗೆಯ ಕೊನೆಯಲ್ಲಿ ಅವರು ಬಂದರು. ಹಡಗಿಳಿದು, ಕೋಳಿಕ್ಕೋಡಿನಿಂದ ಬಸ್ಸು ಹಿಡಿದು ಗುಂಡ್ಲುಪೇಟೆಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಊರಿಗೆ. ಕೊಟ್ಟ ಚೊಂಬಿನ ನೀರನ್ನು ಉಸಿರು ಬಿಡದೆ ಕುಡಿದರು. ನಾನು ಕ್ಷೇಮ ಕೂಡ ಕೇಳಲಿಲ್ಲ.

"ಪರ್ಮಿಟ್ ಬಂತಾ?" ಎಂದೆ.

ಟ್ರಂಕನ್ನು ನೋಡಿದರು. "ಮೊದ್ಲು ಉಣ್ಣನ ಬುಡು" ಎಂದು ಒಳಗೆ ಹೋದರು.

ಮರುದಿನವೂ ಹೇಳಲಿಲ್ಲ, ಅದರ ಮರುದಿನವೂ ಇಲ್ಲ. ಒಳಗೆ ಬರುವಾಗ, ಹೊರಗೆ ಹೋಗುವಾಗ ಟ್ರಂಕನ್ನು ಬಳಸಿಕೊಂಡು ನಡೆಯುತ್ತಿದ್ದರು. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವರಂತೆ ಏನೋ ಹೇಳಹೋಗಿ ನುಂಗುತ್ತಿದ್ದರು. ಮಳೆಗಾಲ ಹಿಡಿದರೆ ಹಡಗುಗಳು ನಿಂತುಹೋಗುತ್ತವೆ ಎಂದು ನನಗೆ ಗೊತ್ತಿತ್ತು. ಅವರ ರಜೆ ಕರಗುತ್ತಿತ್ತು. ಊರಿನವರ ಆ ಅನುಮಾನವೇ ನಿಜವಿರಬಹುದೇ ಎಂಬ ದಿಗಿಲು ನನ್ನಲ್ಲೂ ಹೊಕ್ಕಿತು.

ಒಂದು ಬೆಳಗ್ಗೆ ಕರೆಂಟು ಬಂದಾಗ ಬೋರ್ ಹಾಕಿ ತೊಟ್ಟಿಯ ಬಳಿ ಬಟ್ಟೆ ಒಗೆಯುತ್ತಿದ್ದೆ. ಅವರು ಬಂದು ಪಕ್ಕದ ಕಲ್ಲಿನ ಮೇಲೆ ಕೂತರು.

"ಪರ್ಮಿಟ್ ಬರಕಿಲ್ಲ ಕಣಮ್ಮಿ."

"ಯಾರು ಬ್ಯಾಡ ಅಂದೋರು?"

"ನಾನೇ."

ಕೈಯಲ್ಲಿದ್ದ ಬಟ್ಟೆಯನ್ನು ತೊಟ್ಟಿಗೆ ಎಸೆದೆ. ಅವರು ನೆಲ ನೋಡುತ್ತಾ ಹೇಳಿದರು: "ಒರಗಿನ ನೌಕರ್‍ರು ಸಂಸಾರ ಕರ್ಕಬರಬಾರ್ದು, ಅಲ್ಲಿ ನೀರು ಸಾಲಕಿಲ್ಲ ಅಂತ ವರದೀಲಿ ಬರ್ದೋನು ನಾನೇಯ. ನಿಂದೊಂದು ಬುಟ್ಬುಡನ ಅಂತ ಸಾಯೇಬ್ರು ಅಂದ್ರು. ನಾನೇ ಬ್ಯಾಡ ಅಂದಿ."

"ನೀರು ಸಾಲ್ದಿದ್ರೆ ಬೋರ್ ಕೊರ್ಸಿ! ಇಲ್ಲಿ ನಾವು ಕೊರ್ಸಿಲ್ವಾ? ನೀರು ಕೆಳಕ್ಕೋದ್ರೆ ಇನ್ನೂ ಆಳಕ್ಕೆ ಓಗದು."

"ಅಲ್ಲಿ ಆಳಕ್ಕೋದ್ರೆ ಬರೀ ಉಪ್ಪು. ಸಿಹಿನೀರು ಉಪ್ಪುನೀರಿನ ಮ್ಯಾಲೆ ಆಲಿನ ಕೆನೆ ಅಂಗೆ ತೇಲ್ತಾ ಅದೆ. ಕ್ವಾಟ್ರಸ್‌ಗೆ ಮೋಟ್ರು ಆಕಿದ್ಕೇ ಪಕ್ಕದ ಬಾವಿ ಕೆಟ್ಟೋಯ್ತು. ಆ ಮನೆ ಹೆಂಗಸ್ರು ಕೊಡ ಎತ್ಕಂಡು ಅಲೀತಾವ್ರೆ. ಅವರ ಮುಂದೆ ನಿನ್ನ ಎಂಗಮ್ಮಿ ಕರ್ಕಂಡೋಗ್ಲಿ?"

ಅವರ ಮಾತು ನನಗೆ ಅರ್ಥವಾಯಿತು. ನಮ್ಮ ಬೋರ್ ಬಿದ್ದ ವರ್ಷವೇ ಪಕ್ಕದವರ ಸೇದುಬಾವಿ ಬತ್ತಿದ್ದನ್ನು ನಾನೂ ಕಂಡಿದ್ದೆ. ಆದರೆ ಅರ್ಥವಾದ ಮಾತ್ರಕ್ಕೆ ಸಿಟ್ಟು ಇಳಿಯಬೇಕೆಂದೇನಿದೆ? ಯಾರದೋ ಮನೆಯ ಹೆಂಗಸರ ಕೊಡ ಕಂಡವರಿಗೆ ನನ್ನ ಮಗಳು "ಮಾಮ" ಎನ್ನುವುದು ಕೇಳಲಿಲ್ಲವೇ? ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಕೂಗಿ ಹೇಳಿದೆ. ಅತ್ತೆ ಓಡಿಬಂದು, "ಮೆತ್ತಗೆ ಮಾತಾಡಮ್ಮಿ, ಬೀದೀಗೆ ಕೇಳ್ತದೆ" ಎಂದರು. ಕೇಳಲಿ ಎಂದೇ ನಾನು ಕೂಗಿದ್ದು.

ಆಮೇಲೆ ಅವರು ಹೊರಡುವವರೆಗೂ ಮನೆಯಲ್ಲಿ ತಟ್ಟೆ ಲೋಟಗಳದ್ದೇ ಸದ್ದು. ಹೊರಡುವ ದಿನ ನಾನೂ ಮಗಳನ್ನೆತ್ತಿಕೊಂಡು ಗುಂಡ್ಲುಪೇಟೆ ಬಸ್‌ಸ್ಟಾಂಡಿಗೆ ಹೋದೆ. ಕಳಿಸಿಕೊಡಲು ಅಲ್ಲ. ರಾತ್ರಿಯಿಡೀ ಹಲ್ಲು ಕಚ್ಚಿ ಹಿಡಿದಿದ್ದ ಒಂದು ಮಾತು ಉಳಿದಿತ್ತು. ಕೋಳಿಕ್ಕೋಡಿನ ಬಸ್ಸು ಬಂದು ನಿಂತಾಗ ಹೇಳಿಯೇಬಿಟ್ಟೆ.

"ನೀರು ಕುಡಿಯೋ ಒರಗಿನೋರ ಬಾಯಿ ಎಚ್ಚಾಯ್ತು ಅಂತ ತಾನೇ ಬರ್ದಿದ್ದು? ನೀವೇನು ಆ ದ್ವೀಪದಲ್ಲೇ ಉಟ್ಟೋರಾ? ಮೊದ್ಲು ಅಲ್ಲಿಂದ ನಿಮ್ಮದೊಂದು ಬಾಯಿ ಕಮ್ಮಿ ಮಾಡಿ. ಅಲ್ಲೀಗಂಟ ಈ ಮನೆ ಬಾಗ್ಲಿಗೆ ಬರಬ್ಯಾಡಿ."

ಅವರು ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದರು. ಬಸ್ಸು ತಿರುಗುವಾಗ ಮಗಳು ಕೈ ಬೀಸಿ, "ಮಾಮ, ಟಾಟಾ" ಎಂದಳು. ಅವರಿಗೆ ಕೇಳಿಸಿತು. ಕಿಟಕಿಯಲ್ಲಿದ್ದ ಮುಖ ಆ ಕಡೆ ತಿರುಗಿದ್ದನ್ನು ನಾನು ಕಂಡೆ.

ಮಳೆಗಾಲ ಹಿಡಿಯಿತು. ಕಾಗದವಿಲ್ಲ. ಎಸ್‌ಟಿಡಿ ಬೂತಿನಲ್ಲಿ ನಿಂತು ಅವರ ಕಚೇರಿಯ ನಂಬರು ಒತ್ತಿದರೆ ಲೈನೇ ಸಿಗುತ್ತಿರಲಿಲ್ಲ, ಸಿಕ್ಕಿದರೆ ಬರೀ ಗಾಳಿಯ ಸದ್ದು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಅತ್ತೆ ಒಮ್ಮೆ ಅಂದರು. ರೇಡಿಯೋದಲ್ಲಿ ಕಡಲು ಕೆರಳಿದೆ ಎಂದು ಕೇಳಿದ ದಿನ ಅನ್ನ ಸೇರುತ್ತಿರಲಿಲ್ಲ. ಬರಬೇಡಿ ಎಂದ ನನ್ನ ಮಾತನ್ನೇ ಅವರು ಹಿಡಿದುಕೊಂಡರೆ? "ಟ್ರಂಕು ಬಿಚ್ಚಿ ಹಿಟ್ಟಾದ್ರೂ ತೆಗಿಯಮ್ಮಿ" ಎಂದು ಅತ್ತೆ ಹೇಳುತ್ತಲೇ ಇದ್ದರು. ಬಿಚ್ಚಿದರೆ ಎಲ್ಲ ಮುಗಿಯಿತು ಎಂಬ ಭಯಕ್ಕೆ ನಾನು ಮುಟ್ಟಲಿಲ್ಲ.

ಮಳೆ ಹಿಂದಾದ ಮೇಲೆ, ಮನೆ ಪಕ್ಕದ ಅರಿಸಿನದ ಹೊಲದಲ್ಲಿ ಕಳೆ ಕೀಳುತ್ತಿದ್ದೆ. ಮನೆಯ ಮುಂದೆ ಆಟೋ ನಿಂತಿತು. ಅವರು ಹಾಸಿಗೆ ಸುರುಳಿ ಸಮೇತ ಇಳಿದರು. ಮನೆಯೊಳಗೆ ಹೋಗಲಿಲ್ಲ. ತೊಟ್ಟಿ ತುಂಬಿ ನೀರು ಚೆಲ್ಲುತ್ತಿತ್ತು, ನೇರ ಹೋಗಿ ಬೋರ್ ಆರಿಸಿದರು. ನಾನು ಕೆಸರುಗೈಯಲ್ಲೇ ಓಡಿಬಂದೆ.

"ಅಲ್ಲಿಯ ಮೇಷ್ಟ್ರಿಗೇ ನೀರಳೆಯದು ಕಲ್ಸ್ಕೊಟ್ಟು ಬಂದಿ" ಎಂದರು. "ಅವ್ರೇ ಸಾಕು, ಒರಗಿನೋರು ಬ್ಯಾಡ ಅಂತ ಬರ್ದ್ಬುಟ್ಟೆ. ನೀನು ಅಂದಿದ್ದು ಸರಿಯಾಗೇ ಇತ್ತು."

ಊರ ಕಡೆಗೇ ವರ್ಗ ಕೇಳಿ ಬಂದಿದ್ದರು, ಬರಬೇಕಿದ್ದ ಬಡ್ತಿ ಕೈತಪ್ಪಿತ್ತು. ಸಮುದ್ರ ಬಿಟ್ಟು ಬಂದ ನೋವು ಅವರ ಮುಖದಲ್ಲೇ ಇತ್ತು. ನನಗೆ ಮರುಕ ಬಂತು, ಆದರೆ ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಆ ಖುಷಿಗೆ ನಾನು ಇವತ್ತಿಗೂ ನಾಚಿಕೊಂಡಿಲ್ಲ.

ಬಾಗಿಲಲ್ಲಿ ಮಗಳು ಟ್ರಂಕಿನ ಮೇಲೆ ಕೂತಿದ್ದಳು. ಈ ಸಲ ಅಳಲಿಲ್ಲ. ಅವರನ್ನು ನೋಡಿದಳು, ಹಾಸಿಗೆ ಸುರುಳಿಯನ್ನು ನೋಡಿದಳು.

"ಮಾಮ, ಬಸ್ಸು ಎಷ್ಟೊತ್ಗೆ?"

ಅವರು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಬಸ್ಸು ಹೊಂಟೋಯ್ತು ಕಣವ್ವ."