ಹಸಿ ಹುಳು, ಹಣ್ಣು ಹುಳು

ಬೇಸಿಗೆ ರಜೆ ಅಂದರೆ ಅಜ್ಜಿಯ ಊರು, ಅದರಲ್ಲಿ ಎರಡು ಮಾತೇ ಇರಲಿಲ್ಲ ನಮ್ಮ ಕಾಲದಲ್ಲಿ. ಪರೀಕ್ಷೆ ಮುಗಿದ ಮಾರನೇ ದಿನ ಅಮ್ಮ ನನ್ನನ್ನು ಚಿಂತಾಮಣಿಯಲ್ಲಿ ಬಸ್ಸು ಹತ್ತಿಸಿದರೆ, ಶಿಡ್ಲಘಟ್ಟದಲ್ಲಿ ಮಾವ ಸೈಕಲ್ ಹಿಡಿದು ನಿಂತಿರುತ್ತಿದ್ದ. ಅಜ್ಜಿಯ ಮನೆಯಲ್ಲಿ ಮನುಷ್ಯರಿಗಿಂತ ರೇಷ್ಮೆ ಹುಳುಗಳಿಗೇ ಮರ್ಯಾದೆ ಜಾಸ್ತಿ. ನಡುಮನೆಯೆಲ್ಲ ಅವುಗಳದ್ದು, ನಾವು ಜಗಲಿಯ ಮೇಲೆ. ಒಳಗೆ ಕಾಲಿಟ್ಟರೆ ಒದ್ದೆ ಗೋಣಿಚೀಲದ, ಸುಣ್ಣದ, ಹಿಪ್ಪುನೇರಳೆ ಸೊಪ್ಪಿನ ವಾಸನೆ. ಅಜ್ಜಿ ನಮ್ಮೊಂದಿಗೆ ಕನ್ನಡದಲ್ಲಿ ಮಾತಾಡಿದರೂ ಹುಳುಗಳೊಂದಿಗೆ ತೆಲುಗಿನಲ್ಲೇ ಮಾತಾಡುತ್ತಿದ್ದಳು, ಅದೂ ಬಹುವಚನದಲ್ಲಿ. "ತಿನಂಡಮ್ಮಾ, ತಿನಂಡಿ" ಅನ್ನುತ್ತಾ ಸೊಪ್ಪು ಹಾಕುವಳು. ನನಗೆ ಮಾತ್ರ "ಏಯ್, ತಿನ್ನೇ!"

ನನಗೆ ಹತ್ತು ವರ್ಷವಾಗಿದ್ದ ಬೇಸಿಗೆ ಅದು. ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆಂದು ಅಪ್ಪ ಒಂದು ಗೈಡು ಕೊಡಿಸಿದ್ದರು. ಮೂರು ಚಿತ್ರ ಕೊಟ್ಟು ನಾಲ್ಕನೆಯದು ಯಾವುದು ಅಂತ ಕೇಳುವ ಪುಸ್ತಕ. ನೋಡಿದೊಡನೆ ನಿಯಮ ಹಿಡಿದುಬಿಡುತ್ತಿದ್ದೆ. ಜಂಬ ನೆತ್ತಿಗೇರಿತ್ತು. ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿಕೊಂಡು ಜಗಲಿಯಲ್ಲಿ ಕೂತು, ಸಿಕ್ಕಸಿಕ್ಕವರಿಗೆಲ್ಲ ಪ್ರಶ್ನೆ ಹಾಕುವುದೇ ಕೆಲಸ. ಒಂದು ದಿನ ಸೊಪ್ಪು ಹೆಚ್ಚುತ್ತಿದ್ದ ಅಜ್ಜಿಯ ಸರದಿ ಬಂತು.

"ಅಜ್ಜಿ, ಒಂದು ಕೆಲ್ಸಾನ ಆರು ಜನ ನಾಲ್ಕು ಗಂಟೇಲಿ ಮುಗಿಸಿದ್ರೆ, ಹನ್ನೆರಡು ಜನ ಎಷ್ಟು ಗಂಟೇಲಿ ಮುಗಿಸ್ತಾರೆ?"

"ಯಾವ್ ಕೆಲ್ಸ?"

"ಯಾವುದಾದ್ರೂ ಆಗ್ಲಿ ಅಜ್ಜಿ."

"ಯಾವುದಾದ್ರೂ ಅಂದ್ರೆ ಹೆಂಗೇ ಹೇಳ್ಲಿ?"

"ಸರಿ, ಗೂಡು ಕಟ್ಟೋಕೆ ಹಣ್ಣಾಗಿರೋ ಹುಳ ಆಯೋ ಕೆಲ್ಸ."

ಅಜ್ಜಿ ಕುಡುಗೋಲು ಕೆಳಗಿಟ್ಟಳು. "ಹಂಗಾದ್ರೆ ಹನ್ನೆರಡು ಜನ ಬಂದ್ರೂ ಅಷ್ಟೇ. ಹುಳ ಹಣ್ಣಾಗೋವರ್ಗೂ ಕೂತ್ಕೊಂಡು ಕಾಫಿ ಕುಡೀಬೇಕು. ಅಷ್ಟು ಜನಕ್ಕೆ ಕಾಫಿ ಯಾರ್ ಕಾಯಿಸ್ತಾರೆ, ನಿಮ್ಮಪ್ಪಾನಾ?"

ಮಾವ ಬಿದ್ದು ಬಿದ್ದು ನಕ್ಕ. ನನಗೆ ಸಿಟ್ಟು. "ಎರಡು ಗಂಟೆ! ಹಿಂದಿನ ಪುಟದಲ್ಲಿ ಉತ್ತರ ಐತೆ ನೋಡು. ನಿಂಗೆ ಏನೂ ಬರಲ್ಲ ಅಜ್ಜಿ" ಅಂದುಬಿಟ್ಟೆ.

ಅಜ್ಜಿ ಬೇಜಾರು ಮಾಡಿಕೊಳ್ಳಲಿಲ್ಲ. "ನಿನ್ ಪುಸ್ತಕಕ್ಕೆ ಹಿಂದಿನ ಪುಟ ಐತೆ ಕಣಮ್ಮಣ್ಣಿ. ನನ್ ಹುಳಕ್ಕಿಲ್ಲ" ಅಂದು ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ಆಗ ನನಗಿದ್ದ ದೊಡ್ಡ ಆಸೆ ಒಂದೇ: ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನೋಡಬೇಕು. ಆಳೆತ್ತರ ಗೂಡಿನ ರಾಶಿ, ಕನ್ನಡ ತೆಲುಗು ಉರ್ದು ಮೂರನ್ನೂ ಒಂದೇ ಉಸಿರಿಗೆ ಕೂಗುವ ಜನ ಅಂತ ಮಾವ ಬಣ್ಣಿಸಿ ಬಣ್ಣಿಸಿ ನನ್ನ ಹೊಟ್ಟೆ ಉರಿಸಿದ್ದ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ರೂಢಿ ಇರಲಿಲ್ಲ. ಕಾಡಿ ಬೇಡಿದ ಮೇಲೆ ಅಜ್ಜಿ ಒಂದು ಷರತ್ತು ಹಾಕಿದಳು. "ಈ ಸಲ ಒಂದು ಚಂದ್ರಿಕೆ ನಿಂದು. ಹಣ್ಣು ಹುಳ ನೀನೇ ಆಯ್ದು ಬಿಡ್ಬೇಕು. ಅದ್ರ ತುಂಬಾ ಗೂಡು ಕಟ್ಟಿದ್ರೆ ಕರ್ಕೊಂಡೋಗ್ತೀನಿ."

ಚಂದ್ರಿಕೆ ಅಂದರೆ ಬಿದಿರಿನ ತಟ್ಟಿಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿ ಸುತ್ತಿ ಕಟ್ಟಿದ್ದು. ಮೇಯುವುದು ಮುಗಿಸಿದ ಹುಳುಗಳನ್ನು ಅದರ ಮೇಲೆ ಬಿಟ್ಟರೆ ಆ ಸುರುಳಿಯ ಸಂದಿಯಲ್ಲಿ ಗೂಡು ಕಟ್ಟುತ್ತವೆ. ಹಾಗೆ ಮೇವು ಸಾಕಾದ ಹುಳುವೇ ಹಣ್ಣು ಹುಳು. ಇನ್ನೂ ಮೇಯಬೇಕಾದ್ದು ಹಸಿ ಹುಳು. ಒಂದೇ ತಟ್ಟೆಯಲ್ಲಿ ಎರಡೂ ಇರುತ್ತವೆ, ಆರಿಸುವುದರಲ್ಲೇ ಇರುವುದು ಎಲ್ಲ.

ಹುಳು ಹಣ್ಣಾಗತೊಡಗಿದ ಬೆಳಿಗ್ಗೆ ನಾನು ಗೈಡನ್ನು ಕಂಕುಳಲ್ಲಿ ಇಟ್ಟುಕೊಂಡೇ ಒಳಗೆ ಹೋದೆ. ಅಜ್ಜಿ ಆಯ್ದ ಹತ್ತು ಹುಳುಗಳನ್ನು ನೋಡಿದೆ. ಹತ್ತೂ ತಲೆ ಎತ್ತಿದ್ದವು. ಸಿಕ್ಕಿತು ನಿಯಮ! ತಲೆ ಎತ್ತಿದ್ದರೆ ಹಣ್ಣು, ತಗ್ಗಿಸಿದ್ದರೆ ಹಸಿ. ಅಜ್ಜಿ ಒಂದೊಂದನ್ನೇ ಎತ್ತಿ, ಬೆರಳಲ್ಲಿ ಹೊರಳಿಸಿ ನೋಡುವಷ್ಟರಲ್ಲಿ ನಾನು ತಲೆ ಎತ್ತಿದವನ್ನೆಲ್ಲ ಬಾಚಿದೆ. ಸುರುಳಿಯ ಒಂದೊಂದು ಸುತ್ತಿಗೂ ಇಷ್ಟು ಅಂತ ಲೆಕ್ಕ ಹಾಕಿ ಒಂದೇ ಅಂತರದಲ್ಲಿ ಬಿಟ್ಟೆ. ಅಷ್ಟು ಚೆಂದದ ಚಂದ್ರಿಕೆ ಆ ಮನೆಯಲ್ಲಿ ಹಿಂದೆಂದೂ ಇರಲಿಲ್ಲ.

"ಸರ್ಯಾಗ್ ನೋಡಿದ್ಯೇನಮ್ಮಣ್ಣಿ?" ಅಂದಳು ಅಜ್ಜಿ.

"ನೀನೇ ನಿಧಾನ!" ಅಂದೆ.

ಮಧ್ಯಾಹ್ನ ಮುದ್ದೆ, ಬಸ್ಸಾರು ಮುಗಿಸಿ ಎದ್ದು ನೋಡುತ್ತೇನೆ, ಚಂದ್ರಿಕೆ ಖಾಲಿ! ಅಲ್ಲೊಂದು ಇಲ್ಲೊಂದು ಹುಳು ಬಿಟ್ಟರೆ ಮಿಕ್ಕವೆಲ್ಲ ಊರು ಸುತ್ತಲು ಹೊರಟಿದ್ದವು. ಗೋಡೆಯ ಮೇಲೆ ನಾಲ್ಕು, ಮಾವನ ಚಪ್ಪಲಿಯಲ್ಲಿ ಎರಡು. ಒಂದಂತೂ ಗೂಟದಲ್ಲಿದ್ದ ತಾತನ ರುಮಾಲು ಏರಿ ಕೂತಿತ್ತು. ತಾತ ಅದನ್ನು ಹಾಗೇ ಸುತ್ತಿಕೊಂಡು ಜಗಲಿಗೆ ಬಂದಾಗ ಮನೆಮಂದಿಗೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಗು. ನಾನೊಬ್ಬಳೇ ಅಳುತ್ತಿದ್ದೆ. ಮಾರುಕಟ್ಟೆ ಕೈ ತಪ್ಪಿತಲ್ಲ!

ಅಜ್ಜಿ ಸೀರೆ ಸೆರಗು ಸಿಕ್ಕಿಸಿಕೊಂಡು ಒಂದೊಂದೇ ಹುಳುವನ್ನು ಹುಡುಕಿ ತಂದು ಸೊಪ್ಪಿನ ಮೇಲೆ ಬಿಟ್ಟಳು. ಬಿಟ್ಟದ್ದೇ ತಡ, ಕರಕರ ಮೇಯತೊಡಗಿದವು. "ಬೆಳಗಿನ ಸೊಪ್ಪು ಹಾಕಿರ್ಲಿಲ್ಲ ಕಣೇ. ಹಸಿದ್ ಹುಳಾನೂ ತಲೆ ಎತ್ತದೆ. ಪಾಪ, ಊಟ ಕೇಳಿದೋರ್ನ ಮನೆ ಕಟ್ಕೋ ಹೋಗು ಅಂತ ಓಡಿಸಿದ್ಯಲ್ಲೇ!" ಅಂದಳು. ಅಳುತ್ತಿದ್ದವಳಿಗೂ ನಗು ಬಂದುಬಿಟ್ಟಿತು.

"ನಾಳೆ ಇನ್ನೊಂದ್ಸಲ ಕೊಡ್ತೀಯಾ ಅಜ್ಜಿ?"

"ಕೊಡ್ತೀನಿ. ಕಣ್ ಮುಚ್ಕೊಂಡು ಆಯ್ಬೇಕು."

ತಮಾಷೆ ಅಂದುಕೊಂಡೆ. ಆದರೆ ಮಾರನೇ ಬೆಳಿಗ್ಗೆ ನಿಜವಾಗಿಯೂ ಕಣ್ಣು ಮುಚ್ಚಿಸಿ, ಎರಡು ಅಂಗೈಗೂ ಒಂದೊಂದು ಹುಳು ಇಟ್ಟಳು. "ಯಾವ್ದು ಹಣ್ಣು?" ತಪ್ಪು. "ಈಗ?" ಮತ್ತೆ ತಪ್ಪು. ಎಷ್ಟು ಸಲವೋ. ಅಜ್ಜಿ ಯಾವ ನಿಯಮವನ್ನೂ ಹೇಳಲಿಲ್ಲ, ಬೇರೆ ಎರಡು ಹುಳು ಇಡುತ್ತಿದ್ದಳು ಅಷ್ಟೇ. ಕೇಳಿದರೆ "ಕೈಯನ್ನೇ ಕೇಳ್ಕೋ" ಅನ್ನುವಳು. ಒಂದು ಹೊತ್ತಿನಲ್ಲಿ, ಯಾಕೆ ಅಂತ ಗೊತ್ತಿಲ್ಲ, ಎಡಗೈಯಲ್ಲಿದ್ದದ್ದು ಹಣ್ಣು ಅಂತ ಗೊತ್ತಾಗಿಬಿಟ್ಟಿತು. ತುಸು ಕುಗ್ಗಿದಂತೆ, ಮೆತ್ತಗಾದಂತೆ ಇತ್ತು. ಕಣ್ಣು ಬಿಟ್ಟರೆ ಅಜ್ಜಿಯ ಮುಖ ಅರಳಿತ್ತು. ಪರೀಕ್ಷೆಯಲ್ಲಿ ಪಾಸಾದಾಗಲೂ ನನಗೆ ಅಷ್ಟು ಖುಷಿಯಾಗಲಿಲ್ಲ.

ಐದಾರು ದಿನಕ್ಕೆ ನನ್ನ ಚಂದ್ರಿಕೆಯ ತುಂಬ ಹಳದಿ ಗೂಡು. ಗೂಡು ಬಿಡಿಸುವ ದಿನ, ಸಿಟ್ಟಿನಲ್ಲಿ ಮೂಲೆಗೆ ಎಸೆದಿದ್ದ ಗೈಡು ಸಿಕ್ಕಿತು. ಅದರೊಳಗೂ ಒಂದು ಗೂಡು! ಊರು ಸುತ್ತಲು ಹೋದವುಗಳಲ್ಲಿ ಒಂದು, ಎಲ್ಲೋ ಸೊಪ್ಪು ಹುಡುಕಿಕೊಂಡು ಮೇದು, ಕೊನೆಗೆ ಉತ್ತರದ ಪುಟವನ್ನೇ ಮನೆ ಮಾಡಿಕೊಂಡಿತ್ತು. ಮೆಲ್ಲಗೆ ಕಿತ್ತರೂ ಐದು ಉತ್ತರಗಳು ನೂಲಿಗೆ ಅಂಟಿಕೊಂಡು ಬಂದವು.

ಮಾತಿನಂತೆ ಅಜ್ಜಿ ನನ್ನನ್ನು ಮಾರುಕಟ್ಟೆಗೆ ಕರೆದುಕೊಂಡು ಹೋದಳು. ನೂಲು ತೆಗೆಯುವ ಸಾಬರೊಬ್ಬರು ನಮ್ಮ ರಾಶಿಗೆ ಕೈ ಹಾಕಿ, ಒಂದು ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ ತಲೆದೂಗಿದರು. ಆಮೇಲೆ ನನ್ನ ಕಿವಿಗೂ ಹಿಡಿದರು. "ಕೇಳಮ್ಮಾ, ಮಾತಾಡ್ತದೆ." ಒಳಗೆ ಕೋಶವಾದ ಹುಳು ಟಕ್ ಟಕ್. ಸಾಬರೂ ತನ್ನ ಹಾಗೇ ಶಾಲೆಗೆ ಹೋದವರಲ್ಲ ಅಂತ ಅಜ್ಜಿ ಹೆಮ್ಮೆಯಿಂದ, ತನ್ನ ಜಾತಿಯವರೇ ಅನ್ನುವಂತೆ ಹೇಳಿದಳು.

ಪ್ರವೇಶ ಪರೀಕ್ಷೆಯಲ್ಲಿ ಪಾಸಾದೆ. ಸುಳ್ಳೇಕೆ, ಆ ಗೈಡಿನ ದೆಸೆಯಿಂದಲೇ ಪಾಸಾದೆ. ಈಗ ಚಿಕ್ಕಬಳ್ಳಾಪುರದಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಉತ್ತರ ಹರಿದುಹೋದ ಆ ಐದು ಪ್ರಶ್ನೆಗಳನ್ನು ಮೊನ್ನೆ ನನ್ನ ಮಗಳು ದೋಸೆ ತಿನ್ನುತ್ತಲೇ ಬಿಡಿಸಿಬಿಟ್ಟಳು. ಅವಳು ನನಗಿಂತ ಜಾಣೆ, ಅದನ್ನು ಒಪ್ಪಿಕೊಳ್ಳಲು ನನಗೆ ಸಂತೋಷವೇ.

ಈ ಬೇಸಿಗೆ ಅವಳನ್ನು ಮಾವನ ಮನೆಗೆ ಕರೆದೊಯ್ದೆ. ಅಜ್ಜಿ ಇಲ್ಲ. ಹುಳುವಿನ ಮನೆಯಲ್ಲಿ ಬಿದಿರಿನ ಚಂದ್ರಿಕೆಯೂ ಇಲ್ಲ, ಎಲ್ಲ ಪ್ಲಾಸ್ಟಿಕ್ಕು. ಸೊಪ್ಪಿನ ಮೇಲೆ ಒಂದು ಔಷಧಿ ಚಿಮುಕಿಸಿದರೆ ಸಾಕು, ಹುಳುಗಳೆಲ್ಲ ಒಟ್ಟಿಗೆ ಹಣ್ಣಾಗುತ್ತವೆ, ತಾವೇ ಹತ್ತಿ ಗೂಡು ಕಟ್ಟುತ್ತವೆ. "ಕಾಯೋದೂ ಇಲ್ಲ, ಆಯೋ ಕಷ್ಟಾನೂ ಇಲ್ಲಮ್ಮ ಈಗ. ನಿನ್ ಹನ್ನೆರಡು ಜನದ ಲೆಕ್ಕ ಈಗ ಸರಿಹೋಯ್ತು ನೋಡು" ಅಂದು ಮಾವ ನಕ್ಕ. ನಾನೂ ನಕ್ಕೆ. ಆರಿಸಿ ಆರಿಸಿ ಅಜ್ಜಿಯ ಸೊಂಟ ಬಿದ್ದುಹೋಗುತ್ತಿದ್ದದ್ದು ನನಗೇನು ಗೊತ್ತಿಲ್ಲವೇ.

ಆದರೂ ಮನಸ್ಸು ತಡೆಯಲಿಲ್ಲ. ಮಗಳ ಕಣ್ಣು ಮುಚ್ಚಿಸಿ, ಎರಡು ಅಂಗೈಗೂ ಒಂದೊಂದು ಹುಳು ಇಟ್ಟೆ. "ಯಾವ್ದು ಹಣ್ಣು, ಹೇಳು?"

ಅವಳು ತುಂಬಾ ಹೊತ್ತು ಯೋಚಿಸಿದಳು. ಅಜ್ಜಿಯ ಹಾಗೆ ಬೆರಳಲ್ಲಿ ಹೊರಳಿಸಿಯೂ ನೋಡಿದಳು.

"ಎರಡೂ ಒಂದೇ ಥರ ಇವೆಯಲ್ಲಮ್ಮಾ" ಅಂದಳು.

ನಾನು ಮುಟ್ಟಿ ನೋಡಿದೆ. ಅವಳದ್ದೇ ಸರಿ. ಎರಡೂ ಹಣ್ಣೇ. ಬೇರೆ ತಟ್ಟೆಗಳಲ್ಲೂ ಹುಡುಕಿದೆ. ಅವಳಿಗೆ ಕಲಿಸೋಣವೆಂದರೆ ಆ ಮನೆಯಲ್ಲಿ ಒಂದೇ ಒಂದು ಹಸಿ ಹುಳು ಇರಲಿಲ್ಲ.