ಔಲುವಿನ ಕಂಬಳಿ ಅಜ್ಜಿ

ಬೆಳಗಿನ ಆರು ಗಂಟೆ. ಹೊರಗೆ ಮೈನಸ್ ಹನ್ನೊಂದು ಡಿಗ್ರಿ. ದೂರದ ಉತ್ತರದ ಹಿಮನಾಡಿನ ಔಲು ನಗರದ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಸಿರ್ಕಾ ಹೌತಲಾ ಬಿಸಿ ಬೀರುವಿನಿಂದ ಕಂಬಳಿಗಳನ್ನು ತೆಗೆದು ಒಂದೊಂದನ್ನೂ ಕೆನ್ನೆಗೊತ್ತಿ ನೋಡುತ್ತಾರೆ. "ನನಗೆ ಬಿಸಿ ಅನ್ನಿಸಿದ್ರೆ ಸಾಲದು, ಮಗೂಗೆ ಅನ್ನಿಸ್ಬೇಕು."

ಅರವತ್ತೊಂದರ ಸಿರ್ಕಾ ಇಲ್ಲಿನ ಸ್ಕ್ಯಾನ್ ತಂತ್ರಜ್ಞೆ. ಮಕ್ಕಳ ಬಾಯಲ್ಲಿ ಕಂಬಳಿ ಅಜ್ಜಿ. ಚೂರೇ ಚೂರು ವಿಕಿರಣ ಸೂಸುವ ಸಕ್ಕರೆ ದ್ರವವನ್ನು ಮಗುವಿನ ರಕ್ತಕ್ಕೆ ಬಿಡುತ್ತಾರೆ. ಕ್ಯಾನ್ಸರಿನಂಥ ಹಸಿದ ಜೀವಕೋಶಗಳು ಅದನ್ನು ಬಾಚಿಕೊಂಡು ಪರದೆಯ ಮೇಲೆ ಹೊಳೆಯುತ್ತವೆ. ನೂರ ಹತ್ತು ನಿಮಿಷಕ್ಕೆ ಅದರ ಅರ್ಧ ಶಕ್ತಿ ಖಾಲಿ. ಅಷ್ಟರಲ್ಲಿ ಮಗು ಒಂದು ತಾಸು ಬೆಚ್ಚಗೆ, ಅಲುಗಾಡದೆ ಮಲಗಿರಬೇಕು. ವಿಕಿರಣ ತಡೆಯುವ ಸೀಸದ ತಡಿಕೆ ತಳ್ಳಿ ತಳ್ಳಿ ಸಿರ್ಕಾರ ಬಲಭುಜಕ್ಕೆ ಎರಡು ಸಲ ಶಸ್ತ್ರಚಿಕಿತ್ಸೆ ಆಗಿದೆ. ಆದರೂ ಸ್ಕ್ಯಾನ್ ವರದಿಯಲ್ಲಿ ಅವರ ಹೆಸರು ಇರುವುದಿಲ್ಲ.

ಜನವರಿಯ ಒಂದು ಮಂಗಳವಾರ ಒಂದೂವರೆ ವರ್ಷದ ಹಿಲ್ಲಾ ಬರುತ್ತಾಳೆ. ಹುಟ್ಟುವಾಗಲೇ ಅವಳ ಬೆನ್ನಿನ ಬುಡದಲ್ಲಿ ಟೆರಟೋಮಾ ಇತ್ತು: ಕೂದಲು, ಎಲುಬಿನ ಚೂರು, ಕೊಬ್ಬು ಎಲ್ಲ ಒಂದೇ ಗಂಟಿನಲ್ಲಿ ಬೆಳೆಯುವ ಗಡ್ಡೆ. ತೆಗೆದಾಗಿದೆ. ಆದರೆ ರಕ್ತ ಪರೀಕ್ಷೆಯಲ್ಲಿ ಗಡ್ಡೆಯ ಸುಳಿವು ಕೊಡುವ ಅಂಕಿ ಇಳಿಯಬೇಕಾದಷ್ಟು ಇಳಿಯುತ್ತಿಲ್ಲ. ಗಡ್ಡೆ ಕ್ಯಾನ್ಸರ್ ಆಗಿ ಮರಳಿದ್ದರೆ ಅಷ್ಟು ಸಣ್ಣ ಮೈಗೆ ಕೀಮೋ ಕೊಡಬೇಕು.

ಸ್ಕ್ಯಾನ್ ಚಿತ್ರದಲ್ಲಿ ಬೆನ್ನಿನ ಬುಡ ಶಾಂತವಾಗಿದೆ. ಕತ್ತಿನಲ್ಲಿ, ಬೆನ್ನೆಲುಬಿನ ಇಕ್ಕೆಲದಲ್ಲಿ ಮಾತ್ರ ಬೆಳಕೋ ಬೆಳಕು. ಡಾಕ್ಟರ್ ಸಮೂಲಿಯ ಮುಖ ಸಪ್ಪಗಾಗುತ್ತದೆ. ಆದರೆ ಎರಡೂ ಬದಿ ಅಳತೆ ಹಿಡಿದು ಹಚ್ಚಿದಂತಿರುವುದನ್ನು ಸಿರ್ಕಾ ಗಮನಿಸುತ್ತಾರೆ. ರೋಗ ಹೀಗೆ ಸಮನಾಗಿ ಹರಡುವುದು ಅಪರೂಪ. ಎದ್ದು ತಾಯಿ ಮಿನ್ನಾ ಬಳಿ ಹೋಗುತ್ತಾರೆ.

"ಬೆಳಿಗ್ಗೆ ಮಗು ಎಲ್ಲಿ ಮಲಗಿತ್ತು ಮಿನ್ನಾ?"

"ಎಲ್ಲಿ ಅಂದ್ರೆ? ಬಾಲ್ಕನೀಲಿ, ತಳ್ಳುಗಾಡೀಲಿ. ಈ ಊರಿನ ಮಕ್ಳೆಲ್ಲ ದಿನಾ ಮಲಗೋ ಹಾಗೇ. ಸ್ಕ್ಯಾನಿಗೆ ಮುಂಚೆ ಹಾಲು ಕೊಡೋ ಹಾಗಿರ್ಲಿಲ್ವಲ್ಲ, ಹಸಿದು ಅಳ್ತಿದ್ಲು. ಹೊರಗಿಟ್ಟ ತಕ್ಷಣ ನಿದ್ದೆ."

"ಬೆಚ್ಚಗಿಡಿ ಅಂತ ನಾವು ಕೊಟ್ಟ ಚೀಟೀಲಿ ಬರ್ದಿತ್ತಲ್ಲಮ್ಮ?"

"ಕುರಿಚರ್ಮದ ಚೀಲದಲ್ಲೇ ಇದ್ಲು! ಮುಖ ಒಂದೇ ಹೊರಗೆ."

ಸಿರ್ಕಾ ಹಣೆ ಚಚ್ಚಿಕೊಳ್ಳುತ್ತಾರೆ. ಚಳಿ ತಾಗಿದರೆ ಎಳೆಯ ಮೈಯ ಕತ್ತು-ಬೆನ್ನಲ್ಲಿರುವ, ಶಾಖ ಹುಟ್ಟಿಸುವ ಕಂದು ಕೊಬ್ಬು ಒಲೆ ಹಚ್ಚಿದಂತೆ ಇದೇ ಸಕ್ಕರೆಯನ್ನು ಉರಿಸುತ್ತದೆ. ಪರದೆಯ ಮೇಲೆ ಅದೂ ರೋಗದಂತೆಯೇ ಹೊಳೆಯುತ್ತದೆ. "ತಪ್ಪು ನಂದೇ. ನನ್ನ ಮೂರೂ ಮಕ್ಳು ಹಿಮದಲ್ಲೇ ಮಲಗಿ ಬೆಳೆದ್ವು. ಹೊರಗೆ ಮಲಗಿಸ್ಬೇಡಿ ಅಂತ ಬಿಡಿಸಿ ಬರೀಬೇಕು ಅಂತ ಹೊಳೀಲೇ ಇಲ್ಲ."

ಆದರೂ ಆ ಬೆಳಕಿನಡಿ ನಿಜವಾದ ರೋಗ ಅಡಗಿದ್ದರೆ? ಎರಡು ದಿನ ಬಿಟ್ಟು ಮತ್ತೊಮ್ಮೆ ಸ್ಕ್ಯಾನ್ ಮಾಡಲು ಡಾಕ್ಟರ್ ನಿರ್ಧರಿಸುತ್ತಾರೆ.

ಗುರುವಾರ ಹಿಲ್ಲಾ ಮನೆಯೊಳಗೇ ಮಲಗಿ ಎದ್ದು, ಬಿಸಿ ಕಾರಿನಲ್ಲಿ ಬರುತ್ತಾಳೆ. ಸಿರ್ಕಾ ಮೂರು ಕಂಬಳಿ ಹೊದಿಸುತ್ತಾರೆ. ಕೋಣೆ ಹಬೆಸ್ನಾನದ ಸೌನಾದಂತೆ ಕಾದಿದೆ. "ಇನ್ನು ಸೌನಾದಲ್ಲಿ ಮೈಗೆ ಬಡ್ಕೊಳ್ಳೋ ಬರ್ಚ್ ಸೊಪ್ಪೊಂದು ಬಾಕಿ," ಎಂದು ಡಾಕ್ಟರ್ ಬೆವರು ಒರೆಸಿಕೊಳ್ಳುತ್ತಾರೆ.

ಚಿತ್ರ ಮೂಡುತ್ತದೆ. ಮೆದುಳು, ಹೃದಯ, ಮೂತ್ರಕೋಶ. ಹೊಳೆಯಬೇಕಾದ್ದಷ್ಟೇ ಹೊಳೆಯುತ್ತಿದೆ, ಕತ್ತು ಖಾಲಿ, ಬೆನ್ನು ಖಾಲಿ. ಚಾಕು ತಾಗಿಸದೆ ಒಂದು ಜೀವದ ಒಳಭಾಗವೆಲ್ಲ ಹೀಗೆ ತೆರೆದುಕೊಳ್ಳುವಾಗ, ಮೂವತ್ತೆರಡು ವರ್ಷದ ಅನುಭವದ ಸಿರ್ಕಾಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಸದ್ಯ ಕೀಮೋ ಬೇಡ, ಅಂಕಿ ಇಳಿಯುವುದೇ ಎಂದು ಆಗಾಗ ರಕ್ತ ಪರೀಕ್ಷೆ ಮಾಡುತ್ತಿದ್ದರೆ ಸಾಕು ಎನ್ನುತ್ತಾರೆ ಡಾಕ್ಟರ್.

ಮುಂದಿನ ವರ್ಷ ಸಿರ್ಕಾಗೆ ನಿವೃತ್ತಿ. ಹೊರಗೆ ಮಲಗಿಸಬೇಡಿ ಎಂದು ಚೀಟಿಗೆ ಸೇರಿಸಿದ ಹೊಸ ಸಾಲನ್ನು ತಾವು ಹೋದ ಮೇಲೂ ಯಾರೂ ತೆಗೆಯದಿದ್ದರೆ ಸಾಕು ಎಂಬುದಷ್ಟೇ ಅವರ ಆಸೆ.

ಮನೆಗೆ ಹೊರಟ ಮಿನ್ನಾ ಬಾಗಿಲಲ್ಲಿ ಅಳುಕುತ್ತ ತಿರುಗುತ್ತಾಳೆ. "ಇವತ್ತು ಮಧ್ಯಾಹ್ನ... ಹೊರಗೆ ಮಲಗಿಸ್ಬಹುದಾ?"

ಸಿರ್ಕಾರ ಕಣ್ಣು ತುಂಬಿ ಬರುತ್ತದೆ. "ಧಾರಾಳವಾಗಿ ಮಲಗಿಸು. ಮೂಗು ಕೆಂಪಾಗ್ಲಿ."