ತಂಗಿ ಬೇಡವೆಂದ ರೂಮಿನ ಗೋಡೆಗಳು

ಪದ್ಮನಾಭನಗರದಲ್ಲಿ ಅಪ್ಪ ಬಿಟ್ಟುಹೋದ ಶೀಟಿನ ಮನೆ ಕೆಡವಿ ನಾನೂ ತಂಗಿಯೂ ಹೊಸ ಮನೆ ಕಟ್ಟಿಸುತ್ತಿದ್ದೆವು. ಇಬ್ಬರಿಗೂ ಮದುವೆಯಾಗಿರಲಿಲ್ಲ. ನಾನು ಬ್ಯಾಂಕಿನಲ್ಲಿದ್ದೆ, ಅವಳು ಅಲ್ಲೇ ಹತ್ತಿರದ ಟ್ಯೂಷನ್ ಸೆಂಟರಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದಳು. ಒಂದು ಹಾಲ್, ಅಡುಗೆಮನೆ, ನಮಗೊಂದೊಂದು ರೂಮು, ಅಷ್ಟೇ ಪ್ಲಾನು. ತಳಪಾಯ ಹಾಕುವಾಗ ಅವಳು ಚೆನ್ನಾಗಿಯೇ ಇದ್ದಳು. ತಾರಸಿ ಹಾಕುವ ಹೊತ್ತಿಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡು, ಆಪರೇಷನ್ ಆಗಿ, ಕಿಮೋ ಶುರುವಾಗಿತ್ತು.

ಒಳಗಿನ ಗೋಡೆಗಳ ಪ್ಲಾಸ್ಟರಿಂಗ್‌ಗೆ ಸಿಮೆಂಟು, ಎಂ-ಸ್ಯಾಂಡ್ ಮರಳು ತರಿಸಬೇಕಾಗಿತ್ತು. ಅಂದಾಜು ತಾನೇ ಹೇಳುತ್ತೇನೆಂದು ಮೇಸ್ತ್ರಿ ಅಂದರೂ ತಂಗಿ ಕೇಳಲಿಲ್ಲ, ಅಳತೆ ತಾನೇ ತೆಗೆಯುವುದಾಗಿ ಹಟ ಹಿಡಿದಳು. ಟ್ಯೂಷನ್ ಬಿಟ್ಟ ಮೇಲೆ ಅವಳಿಗೆ ಹೊತ್ತು ಹೋಗುತ್ತಿರಲಿಲ್ಲ. ನಾನೂ ಸುಮ್ಮನಾದೆ. ಒಂದು ಭಾನುವಾರ ಬನಶಂಕರಿಯ ಬಾಡಿಗೆ ಮನೆಯಿಂದ ಆಟೋದಲ್ಲಿ ಇಬ್ಬರೂ ಹೋದೆವು.

ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು ಅವಳು ಟೇಪಿನ ಒಂದು ತುದಿ ಹಿಡಿದಳು. ಇನ್ನೊಂದು ತುದಿ ನನ್ನದು. ಪ್ರತಿ ಗೋಡೆಯ ಉದ್ದ, ಎತ್ತರ ಗುಣಿಸಬೇಕು, ಬಾಗಿಲು ಕಿಟಕಿ ಕಳೆಯಬೇಕು, ಉಳಿದದ್ದನ್ನು ಗಾರೆಯ ದಪ್ಪದಿಂದ ಗುಣಿಸಬೇಕು. ಇಟ್ಟಿಗೆಯ ಸಂದುಗಳು ಸ್ವಲ್ಪ ಗಾರೆ ನುಂಗುತ್ತವೆ, ಒಣ ಮರಳು ಸಿಮೆಂಟು ನೀರು ಬಿದ್ದರೆ ಕುಗ್ಗುತ್ತವೆ, ಆದ್ದರಿಂದ ಮೂರನೇ ಒಂದು ಪಾಲು ಹೆಚ್ಚಿಗೆ ಹಿಡಿಯಬೇಕು. ಹಿಂದಿನ ಬೆಂಚಿನ ಹುಡುಗಿಗೆ ಹೇಳುವ ಹಾಗೆ ನನಗೆ ಹೇಳಿ, ಅರ್ಥವಾಯಿತಾ ಎಂದು ಮತ್ತೆ ಕೇಳುತ್ತಿದ್ದಳು. ಎಷ್ಟೋ ದಿನದ ಮೇಲೆ ಅವಳ ಆ ಮೇಷ್ಟ್ರ ದನಿ ಕೇಳಿ ನನಗೆ ಖುಷಿಯಾಗಿತ್ತು. ಹಾಲ್ ಮುಗಿಯಿತು, ಅಡುಗೆಮನೆ ಮುಗಿಯಿತು, ನನ್ನ ರೂಮೂ ಮುಗಿಯಿತು.

ತನ್ನ ರೂಮಿನ ಬಾಗಿಲಿಗೆ ಬಂದಾಗ ಅವಳು ಟೇಪು ಬಿಟ್ಟುಬಿಟ್ಟಳು. ಅದು ಸರ್ರನೆ ನನ್ನ ಕೈಗೆ ಬಂದು ಸುತ್ತಿಕೊಂಡಿತು. ಸುಸ್ತಾಯಿತೇನೋ ಅಂದುಕೊಂಡು, ಮನೆಗೆ ಹೋಗೋಣವಾ ಎಂದೆ.

"ಸುಸ್ತಲ್ಲ ಅಕ್ಕ. ಈ ರೂಮು ಬೇಡ. ಈ ಗೋಡೆ ತೆಗೆಸಿ ಹಾಲ್‌ಗೇ ಸೇರಿಸ್ಕೊಂಡ್ಬಿಡು. ನಿನಗೊಬ್ಬಳಿಗೆ ಎರಡು ರೂಮು ಯಾಕೆ?"

ನಾನು ಅವಳ ಮುಖ ನೋಡಿದೆ. ಶುಕ್ರವಾರ ನಾನು ಬ್ಯಾಂಕಿಗೆ ಹೋದ ಮೇಲೆ ಅವಳೊಬ್ಬಳೇ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ರಿಪೋರ್ಟ್ ತೋರಿಸಿ ಬಂದಿದ್ದಳಂತೆ.

"ಲಿವರ್‌ಗೂ ಹೋಗಿದೆ," ಎಂದಳು.

ನಾನು ಟೇಪು ಹಿಡಿದು ಅವಳ ರೂಮಿನೊಳಗೆ ಹೋದೆ. ಒಂದು ತುದಿಯ ಮೇಲೆ ಇಟ್ಟಿಗೆಯಿಟ್ಟು ಎಳೆದೆ. ಇಟ್ಟಿಗೆ ಜರುಗಿತು. ಮತ್ತೆ ಇಟ್ಟೆ, ಮತ್ತೆ ಜರುಗಿತು. ಕಣ್ಣು ಮಂಜಾಗಿ ಟೇಪಿನ ಅಂಕಿ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳು ಗೋಡೆ ಹಿಡಿದುಕೊಂಡು ಒಳಗೆ ಬಂದಳು, ಬಗ್ಗಿ ಇಟ್ಟಿಗೆ ಪಕ್ಕಕ್ಕಿಟ್ಟು ತಾನೇ ಆ ತುದಿ ಹಿಡಿದಳು.

"ಕಿಟಕಿ ಕಳೀಬೇಕು, ಮರೀಬೇಡ," ಎಂದಳು.

ನಾಲ್ಕು ಗೋಡೆಯನ್ನೂ ಅಳೆದೆವು. ಆ ಮಾತು ಮತ್ತೆ ಇಬ್ಬರೂ ಎತ್ತಲಿಲ್ಲ.

ಪ್ಲಾಸ್ಟರಿಂಗ್ ಅವಳ ರೂಮಿನಿಂದಲೇ ಶುರುಮಾಡಲು ಮೇಸ್ತ್ರಿಗೆ ಹೇಳಿದೆ. ಗಾರೆ ಗಟ್ಟಿಯಾಗಲೆಂದು ಗೋಡೆಗಳಿಗೆ ನೀರು ಹಾಕುತ್ತಿದ್ದ ದಿನಗಳಲ್ಲಿ ಒಮ್ಮೆ ಅವಳನ್ನು ಕರೆದುಕೊಂಡು ಹೋದೆ. ಆಗ ಅವಳಿಗೆ ಒಬ್ಬಳೇ ನಿಲ್ಲಲೂ ಆಗುತ್ತಿರಲಿಲ್ಲ, ನನ್ನ ಹೆಗಲಿಗೆ ಒರಗಿದ್ದಳು. ಒದ್ದೆ ಗೋಡೆಗೆ ಅಂಗೈ ಇಟ್ಟು, ಆಮೇಲೆ ಕೆನ್ನೆಯನ್ನೂ ಇಟ್ಟು, ತಣ್ಣಗಿದೆ ಎಂದಳು. ಜ್ವರ ಸುಡುತ್ತಿತ್ತು ಅವಳಿಗೆ. ತುಂಬಾ ಹೊತ್ತು ಹಾಗೇ ನಿಂತಿದ್ದಳು. ಪೇಂಟಿಂಗ್ ಶುರುವಾಗುವ ಮೊದಲೇ ಹೋಗಿಬಿಟ್ಟಳು.

ವರ್ಷ ತುಂಬಿದ ಮೇಲೆ ಯಾರನ್ನೂ ಕರೆಯದೆ ಹಾಲುಕ್ಕಿಸಿ ಆ ಮನೆಗೆ ಬಂದೆ. ವಿಷಯ ಹೇಗೋ ತಿಳಿದು, ಅವಳ ಹತ್ತಿರ ಟ್ಯೂಷನ್‌ಗೆ ಬರುತ್ತಿದ್ದ ಹುಡುಗಿಯೊಬ್ಬಳ ತಾಯಿ ಮಲ್ಲಿಗೆ ಹೂ ತಂದರು. ಕಾಫಿ ಕುಡಿದು ಎದ್ದವರು ತೆರೆದ ಬಾಗಿಲ ಕಡೆ ನೋಡಿ ಮೆಲ್ಲಗೆ ಕೇಳಿದರು.

"ಮಿಸ್ ರೂಮು ಇದೇನಾ ಮೇಡಂ?"

"ಇದೇ," ಎಂದೆ.

ಅವರು ಹೊಸ್ತಿಲಲ್ಲಿ ನಿಂತು, ಕಣ್ಣು ಮುಚ್ಚಿ ಕೈಮುಗಿದರು. ಅವಳು ಅಲ್ಲಿ ಒಂದು ರಾತ್ರಿಯೂ ಮಲಗಲಿಲ್ಲವೆಂದು ಹೇಳಲು ನನ್ನಿಂದಾಗಲಿಲ್ಲ.